ಚಿತ್ರವಿಲ್ಲದ ಆಟ

ಬಣ್ಣಬಣ್ಣದ ರಣರಂಗಗಳೇ ಅಂಗೈಯ ಫೋನಿನಲ್ಲಿ ದೊರೆಯುವ ಈ ಕಾಲದಲ್ಲಿ, ಬರಿಯ ಅಕ್ಷರಗಳನ್ನು ಓದಿ ಅಕ್ಷರಗಳಲ್ಲೇ ಉತ್ತರ ಕೊಡುವ ಆಟ ಯಾರಿಗೆ ಬೇಕು ಎಂದು ಗೆಳೆಯರು ನಗುತ್ತಾರೆ. ನನಗೆ ಬೇಕು. ಏಕೆಂಬುದನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಅಮೆರಿಕದ ವಿಲ್ ಕ್ರೌದರ್ ಎಂಬ ಗಣಕತಜ್ಞರಿಗೆ ಗುಹೆಗಳಲ್ಲಿ ಅಲೆಯುವ ಹವ್ಯಾಸ. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾವು ಕಂಡ ದಾರಿಗಳನ್ನೇ ಆಧರಿಸಿ, 1976ರ ವೇಳೆಗೆ ಅವರು ತಮ್ಮ ಹೆಣ್ಣುಮಕ್ಕಳಿಗಾಗಿ ಒಂದು ಆಟ ಬರೆದರು. 1977ರಲ್ಲಿ ಡಾನ್ ವುಡ್ಸ್ ಎಂಬವರು ಅದನ್ನು ಬೆಳೆಸಿದರು. ‘ಅಡ್ವೆಂಚರ್’ ಎಂದು ಅದರ ಹೆಸರು. ನಾವು ನಿಂತಿರುವ ಸ್ಥಳವನ್ನು ಯಂತ್ರ ವರ್ಣಿಸುತ್ತದೆ. ಹೋಗು, ತೆಗೆದುಕೋ ಎಂಬರ್ಥದ ಒಂದೆರಡು ಇಂಗ್ಲಿಷ್ ಮಾತುಗಳನ್ನು ನಾವು ಒತ್ತಬೇಕು. ಅಷ್ಟೆ.

ಅಷ್ಟರಲ್ಲೇ ಗುಹೆ ಕಣ್ಣಿಗೆ ಕಟ್ಟುತ್ತದೆ. ನಮ್ಮ ಕಡೆಯ ತಾಳಮದ್ದಲೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಆದರೂ ಅರ್ಥಧಾರಿಯ ಮಾತಿನಲ್ಲೇ ಕುರುಕ್ಷೇತ್ರ ಕಾಣುವುದಿಲ್ಲವೆ? ತೋರಿಸಿದ ಚಿತ್ರ ಹಳತಾಗುತ್ತದೆ. ನಾವೇ ಕಟ್ಟಿಕೊಂಡ ಚಿತ್ರಕ್ಕೆ ಮುಪ್ಪಿಲ್ಲ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತರಗತಿಯಲ್ಲಿ ಇಂಗ್ಲಿಷ್ ಬಾಯಿಬಿಡಲು ಇಂದಿಗೂ ಅಂಜುತ್ತೇನೆ. ಈ ಆಟವೋ, ತಪ್ಪು ಬರೆದರೆ ಅರ್ಥವಾಗಲಿಲ್ಲ ಎನ್ನುತ್ತದೆ, ನಗುವುದಿಲ್ಲ. ಮತ್ತೆ ಬರೆಯುತ್ತೇನೆ. ಹೀಗೆ ಕಲಿತದ್ದು ಸ್ವಲ್ಪವಲ್ಲ.

ಕಳೆದ ರಜೆಯಲ್ಲಿ, ಗೆಳೆಯನ ಹಳೆಯ ಲ್ಯಾಪ್‌ಟಾಪನ್ನು ಜಗಲಿಯಲ್ಲಿಟ್ಟುಕೊಂಡು ಆಡುತ್ತಿದ್ದೆ. ಓದು ಬಾರದ ಅಪ್ಪಯ್ಯ ಪಕ್ಕದಲ್ಲಿ ಕುಳಿತರು. ಬಂದ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಬೀಗ ತೆಗೆದು ಗುಹೆಗಿಳಿಯಲು ಹೊರಟಾಗ ಅವರು, “ದೀಪ ಹಚ್ಚಿಕೊಂಡ್ಯೇನೋ? ಕತ್ತಲಲ್ಲಿ ಹಂಗೇ ಇಳೀತಾರಾ?” ಎಂದರು. ದೀಪವನ್ನು ನಾನು ಹಿಂದಿನ ಮನೆಯಲ್ಲೇ ಬಿಟ್ಟುಬಂದಿದ್ದೆ! ದೀಪವಿಲ್ಲದೆ ನಡೆದವನು ಆ ಗುಹೆಯಲ್ಲಿ ಹೊಂಡಕ್ಕೆ ಬಿದ್ದು ಸಾಯುತ್ತಾನೆ. ಪದವಿಗೆ ಓದುವ ಮಗನಿಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಆದರೂ ಇಂಗ್ಲಿಷ್ ಬಾರದ ಅವರಿಗೆ ನಾನಿಲ್ಲದೆ ಆ ಬಾಗಿಲು ತೆರೆಯದು.

ಇದು ನನ್ನನ್ನು ಕಾಡಿದೆ. ಇಂಥ ಆಟಗಳನ್ನು ಕನ್ನಡದಲ್ಲಿ ನಾವೇಕೆ ಬರೆಯಬಾರದು? ಕೇಳುವವರಿಗೆ ಓದಿ ಹೇಳುವಂತೆ, ಅವರ ಮಾತೇ ಆಟವನ್ನು ನಡೆಸುವಂತೆ ಏಕೆ ಮಾಡಬಾರದು? ಕನ್ನಡಕ್ಕೆ ವಿಭಕ್ತಿಗಳ ತೊಡಕಿದೆ ಎನ್ನಬಹುದು. ‘ಅಡ್ವೆಂಚರ್’ ಪ್ರತಿ ಪದದ ಮೊದಲ 5 ಅಕ್ಷರಗಳನ್ನಷ್ಟೇ ನೋಡುತ್ತಿತ್ತು. ನಮ್ಮ ಪ್ರತ್ಯಯಗಳು ಪದದ ಕೊನೆಯಲ್ಲಿ ಬರುತ್ತವೆ. ‘ದೀಪ’ಕ್ಕೂ ‘ದೀಪವನ್ನು’ ಎಂಬುದಕ್ಕೂ ಮೊದಲು ಒಂದೇ. ವ್ಯಾಕರಣ ಬಲ್ಲವರೂ ಗಣಕ ಬಲ್ಲವರೂ ಜೊತೆಗೂಡಿದರೆ ಇದು ಅಸಾಧ್ಯವೇನಲ್ಲ.

ಕೋಟಿ ಹಣ ಬೇಕಿಲ್ಲ. ಒಂದು ಹಳೆಯ ಯಂತ್ರ, ಒಂದು ಒಳ್ಳೆಯ ಕಥೆ ಸಾಕು. ಕಥೆಗೆ ನಮ್ಮಲ್ಲಿ ಎಂದು ಬರವಿತ್ತು?