ಬಯಾಲಜಿಯೋ, ಕಂಪ್ಯೂಟರೋ?

‘ಇವಳು ಬಯಾಲಜಿ ಬಿಡೋದಿಲ್ಲ ಅಂತಾಳೆ. ಈಗೇನಿದ್ದರೂ ಕಂಪ್ಯೂಟರ್ ಕಾಲ, ನೀವೇ ಒಂದು ಮಾತು ಹೇಳಿ ಮೇಷ್ಟ್ರೇ.’ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯ ತಂದೆ ಪಿಯುಸಿ ಅರ್ಜಿ ಹಿಡಿದು ಮೊನ್ನೆ ಮನೆಗೆ ಬಂದಿದ್ದರು. ಹುಡುಗಿ ಬಾಗಿಲ ಬಳಿಯೇ ನಿಂತಿದ್ದಳು. ಮಾತಿನ ಬದಲು ನಾನು ‘ಸೈಟೋಸ್ಕೇಪ್’ ಎಂಬ ತಂತ್ರಾಂಶ ತೆರೆದೆ. ಅಮೆರಿಕದ ಸಿಯಾಟಲ್‌ನಲ್ಲಿ ರೂಪುಗೊಂಡು 2002ರಲ್ಲಿ ಹೊರಬಂದದ್ದು, ಪೂರ್ತಿ ಉಚಿತ.

ಅದರಲ್ಲಿ ಯೀಸ್ಟಿನ ಒಂದು ಮಾದರಿ ಕಡತವಿದೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಯೀಸ್ಟು. ಅದರ ಸುಮಾರು 6,000 ಜೀನ್‌ಗಳಲ್ಲಿ ಇಲ್ಲಿರುವುದು 330ರಷ್ಟು, ಅವುಗಳ ನಡುವೆ 360ರಷ್ಟು ಸಂಬಂಧಗಳು. ಪಟ್ಟಿಯಾಗಿ ಓದಿದರೆ ತಲೆನೋವು. ತಂತ್ರಾಂಶವು ಜೀನಿಗೊಂದು ಚುಕ್ಕೆ, ಸಂಬಂಧಕ್ಕೊಂದು ಗೆರೆ ಎಂದು ಬಿಡಿಸಿಕೊಡುತ್ತದೆ. ಚುರುಕಾದ ಜೀನಿಗೆ ಕೆಂಪು, ಮಂಕಾದದ್ದಕ್ಕೆ ನೀಲಿ ಕೊಟ್ಟೆ.

ಹಾಲಿನ ಲ್ಯಾಕ್ಟೋಸ್ ಒಡೆದಾಗ ಗ್ಲೂಕೋಸ್ ಜೊತೆ ಸಿಗುವ ಸಕ್ಕರೆ ಗ್ಯಾಲಕ್ಟೋಸ್. ಅದನ್ನು ಬಳಸಿಕೊಳ್ಳಲು ಯೀಸ್ಟಿಗೆ ಗ್ಯಾಲ್-1, ಗ್ಯಾಲ್-7, ಗ್ಯಾಲ್-10 ಎಂಬ ಜೀನ್‌ಗಳು ಬೇಕು. ಈ ಮೂರನ್ನೂ ಚುರುಕುಗೊಳಿಸುವುದು ಗ್ಯಾಲ್-4. ಚಿತ್ರದಲ್ಲಿ ಮೂರೂ ಕೆಂಪಾಗಿದ್ದವು, ಆದರೆ ಗ್ಯಾಲ್-4ರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇಲ್ಲ! ‘ಹಾಗಾದರೆ ಇವನ್ನು ಎಬ್ಬಿಸಿದ್ದು ಯಾರಮ್ಮ?’ ಎಂದೆ.

ಹುಡುಗಿ ಹತ್ತಿರ ಬಂದು ಗ್ಯಾಲ್-4ರಿಂದ ಹೊರಟ ಗೆರೆಗಳ ಮೇಲೆ ಬೆರಳಾಡಿಸಿದಳು. ‘ಸರ್, ಇದೊಂದು ನೀಲಿ ಇದೆಯಲ್ಲ?’ ಅದು ಗ್ಯಾಲ್-80. ಗ್ಯಾಲ್-4ನ್ನು ಕೆಲಸ ಮಾಡದಂತೆ ಹಿಡಿದಿಡುವ ಪ್ರೋಟೀನಿನ ಜೀನ್. ಗ್ಯಾಲಕ್ಟೋಸ್ ಬಂದಾಗಷ್ಟೇ ಆ ಹಿಡಿತ ಸಡಿಲವಾಗುತ್ತದೆ. ಈ ಪ್ರಯೋಗದಲ್ಲಿ ಆ ಜೀನನ್ನೇ ತೆಗೆದುಹಾಕಿದ್ದರು. ಹೀಗಾಗಿ ಗ್ಯಾಲ್-4ರ ಪ್ರಮಾಣ ಹೆಚ್ಚದಿದ್ದರೂ ಅದರ ಕೈ ಬಿಡುವಾಯಿತು. ಪಟ್ಟಿಯಲ್ಲಿ ಇದನ್ನು ಹುಡುಕಲು ಎಷ್ಟು ಹೊತ್ತು ಬೇಕಿತ್ತೋ!

ಎಲ್ಲ ಚಿತ್ರವೂ ಇಷ್ಟು ಸಲೀಸಲ್ಲ. ಸಾವಿರಾರು ಗೆರೆಗಳಾದರೆ ಪರದೆಯ ತುಂಬ ನೂಲಿನ ಸಿಕ್ಕು. ಎರಡು ಚುಕ್ಕೆ ಪಕ್ಕಪಕ್ಕ ಕಂಡರೆ ಕೋಶದೊಳಗೂ ಅವು ಪಕ್ಕದಲ್ಲಿವೆ ಎಂದಲ್ಲ. ಗೆರೆ ಇಲ್ಲವೆಂದರೆ ಸಂಬಂಧವೇ ಇಲ್ಲವೆಂದೂ ಅಲ್ಲ. ಯಾರೂ ಇನ್ನೂ ಪರೀಕ್ಷಿಸಿರಲಿಕ್ಕಿಲ್ಲ. ಇದು ಕಂಪ್ಯೂಟರಿಗೆ ತಿಳಿಯದು, ಬಯಾಲಜಿ ಓದಿದವರಿಗೆ ತಿಳಿಯಬೇಕು.

‘ಇದಕ್ಕೆ ಗಣಿತ ಬೇಡವೇ?’ ತಂದೆ ಕೇಳಿದರು. ಬೇಕು, ಧಾರಾಳವಾಗಿ ಬೇಕು. 2001ರಲ್ಲಿ ಯೀಸ್ಟಿನ ಪ್ರೋಟೀನುಗಳ ಕೊಂಡಿಗಳನ್ನು ಎಣಿಸಿದ ಅಧ್ಯಯನವೊಂದು ಪ್ರಕಟವಾಯಿತು. ಐದು ಅಥವಾ ಕಡಿಮೆ ಕೊಂಡಿಯ ಪ್ರೋಟೀನುಗಳಲ್ಲಿ ಶೇ 21ರಷ್ಟು ಮಾತ್ರ ಜೀವಕ್ಕೆ ಅನಿವಾರ್ಯ. 15ಕ್ಕಿಂತ ಹೆಚ್ಚು ಕೊಂಡಿ ಇದ್ದವುಗಳಲ್ಲಿ ಶೇ 62ರಷ್ಟು. ಬರೀ ಎಣಿಕೆಯಿಂದ ಸಿಕ್ಕ ಸುಳಿವು ಇದು. ಗಣಿತ, ಬಯಾಲಜಿ ಎರಡೂ ಇರುವ ಪಿಸಿಎಂಬಿ ತೆಗೆದುಕೊಳ್ಳಲಿ, ಪ್ರೋಗ್ರಾಮಿಂಗನ್ನು ಪದವಿಗೆ ಬಂದ ಮೇಲೂ ಕಲಿಯಬಹುದು ಎಂದೆ.

ತಂದೆ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟರು. ಹುಡುಗಿಯಾಗಲೇ ಇನ್ನೊಂದು ಕೆಂಪು ಚುಕ್ಕೆಯ ಗೆರೆ ಹಿಡಿದು ಹೊರಟಿದ್ದಳು.