ಕನ್ನಡದ ಹೊಟ್ಟೆಯೊಳಗೆ ಪೌಂಡ್ ಚಿಹ್ನೆ!

ಕನ್ನಡದ ಹುಡುಗ ಹುಡುಗಿಯರೇ, ನವೆಂಬರ್ ಬಂತೆಂದರೆ ನಿಮ್ಮ ಕೈ ಸುಮ್ಮನಿರುವುದಿಲ್ಲ. ಬಾವುಟ, ಬ್ಯಾನರು, ಕರಪತ್ರ! ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲವೆಂದು ಮ್ಯಾನೇಜರನ ಮೇಜು ಗುದ್ದುತ್ತೀರಿ. ಗುದ್ದಲೇಬೇಕು. ಆದರೆ ಅಂದು ನೀವು ಹಂಚಿದ ಕರಪತ್ರ ಕನ್ನಡದಲ್ಲಿತ್ತೇ?

ಸಿಟ್ಟಾಗಬೇಡಿ, ಕೇಳಿ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕಪಿಲೆಯ ದಡದ ಊರು. ಅಲ್ಲಿ ಕಣ್ಣು ಕಾಣದ ಕಾಲೇಜು ಹುಡುಗನೊಬ್ಬ ಇದ್ದಾನೆಂದು ಇಟ್ಟುಕೊಳ್ಳಿ. ಅವನ ಮೊಬೈಲು ಕನ್ನಡ ಓದಿ ಹೇಳುತ್ತದೆ. ಗೆಳೆಯರ ಸಂದೇಶ ಓದುತ್ತದೆ, ಸುದ್ದಿ ಓದುತ್ತದೆ. ನಿಮ್ಮ ಕರಪತ್ರದ ಪಿಡಿಎಫ್ ತೆರೆದರೆ ಮಾತ್ರ ಹುಚ್ಚು ಹಿಡಿದಂತೆ ಬಡಬಡಿಸುತ್ತದೆ.

ಏಕೆ ಗೊತ್ತೇ? ಹಳೆಯ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಕುಟ್ಟಿದರೆ ಕಡತದೊಳಗೆ ಕೂರುವುದು ಕನ್ನಡವಲ್ಲ. ಇಂಗ್ಲಿಷಿನ ಪಿ, ನೆತ್ತಿಗೆ ಗೀಟೆಳೆದ ಎ, ಇಂಗ್ಲೆಂಡಿನ ಪೌಂಡ್ ಚಿಹ್ನೆ, ಮತ್ತೊಂದು ಎ, ಜರ್ಮನರ ಎಸ್, ಕ್ಯೂ, ಇನ್ನೊಂದು ಎ! ಮೇಲೆ ಕನ್ನಡದ ವೇಷ, ಒಳಗೆ ಪರದೇಶಿ ಸಂತೆ. ಕಣ್ಣಿದ್ದವರು ವೇಷ ನೋಡಿ ಓದಿಕೊಳ್ಳುತ್ತಾರೆ. ಕಿವಿಯಿಂದ ಓದುವವನಿಗೆ ಒಳಗಿನ ಸಂತೆಯೇ ಗತಿ.

ಆ ಫಾಂಟುಗಳನ್ನು ಬೈಯುತ್ತಿಲ್ಲ. 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ, ಕಂಪ್ಯೂಟರಿಗೆ ಕನ್ನಡ ಕಲಿಸಿದ ಪುಣ್ಯ ಅವುಗಳದ್ದು. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡ ಮೂಡಿತ್ತು. ಇಂದು ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಇದೆ. ಇನ್ನೂ ಹಳೆಯ ಫಾಂಟಿಗೇ ಜೋತುಬಿದ್ದರೆ ಅದಕ್ಕೆ ಸೋಮಾರಿತನ ಎನ್ನದೆ ಏನನ್ನಬೇಕು?

ಡಿಟಿಪಿ ಅಂಗಡಿಯವನು 'ಪೇಜ್‌ಮೇಕರ್‌ನಲ್ಲಿ ಕೂಡೋದು ಇಷ್ಟೇ ಸಾರ್' ಎನ್ನುತ್ತಾನೆ. ಪೇಜ್‌ಮೇಕರ್‌ಗೆ ಯೂನಿಕೋಡೇ ಗೊತ್ತಿಲ್ಲ, ಅದರ ಹೊಸ ಆವೃತ್ತಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಇನ್‌ಡಿಸೈನ್ ಇದ್ದರೆ ವರ್ಲ್ಡ್ ರೆಡಿ ಕಂಪೋಸರ್ ಆರಿಸಲು ಹೇಳಿ, ಒತ್ತಕ್ಷರ ಒಡೆಯುವುದಿಲ್ಲ. ಕೈಯಲ್ಲಿ ಕಾಸಿಲ್ಲವೇ? ಪುಕ್ಕಟೆ ಲಿಬ್ರೆಆಫೀಸ್ ಇದೆ. 2020ರ 7.0 ಆವೃತ್ತಿಯಿಂದ ಅದು ಪಿಡಿಎಫ್/ಯುಎ, ಅಂದರೆ ಎಲ್ಲರಿಗೂ ಎಟುಕುವ ಪಿಡಿಎಫ್ ಮಾಡಿಕೊಡುತ್ತದೆ. ನೋಟೊ ಫಾಂಟೂ ಪುಕ್ಕಟೆ.

ಯೂನಿಕೋಡ್ ಆದರೆ ಮುಗಿಯಲಿಲ್ಲ. ತಲೆಬರಹವನ್ನು ಬರೀ ದಪ್ಪ ಮಾಡಿದರೆ ಸಾಲದು, ಹೆಡಿಂಗ್ ಸ್ಟೈಲ್ ಕೊಡಿ. ಚಿತ್ರದಲ್ಲಿ ಏನಿದೆ ಎಂದು ಒಂದು ಸಾಲು ಬರೆದು ಸೇರಿಸಿ. ಕಡತದ ಭಾಷೆ ಕನ್ನಡ ಎಂದು ನಮೂದಿಸಿ. ಹಂಚುವ ಪ್ರತಿಯಲ್ಲಿ ಅಕ್ಷರಗಳನ್ನು ಕರ್ವ್ ಮಾಡಲು ಬಿಡಬೇಡಿ. ಕರ್ವ್ ಆದ ಅಕ್ಷರ ಅಕ್ಷರವಲ್ಲ, ಗೀಚಿದ ಚಿತ್ರ.

ಪರೀಕ್ಷೆ ಸುಲಭ. ಪಿಡಿಎಫ್‌ನಿಂದ 'ಕನ್ನಡ' ಪದವನ್ನು ನಕಲಿಸಿ ಸಂದೇಶದ ಪೆಟ್ಟಿಗೆಗೆ ಅಂಟಿಸಿ. ಪೌಂಡ್ ಕಂಡರೆ ಅಂಗಡಿಯವನಿಗೆ ದುಡ್ಡು ಕೊಡಬೇಡಿ! ಸರಿ ಕಂಡರೆ ಮೊಬೈಲಿನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ ಪೂರ್ತಿ ಕೇಳಿ.

ಮುದ್ರಣದ್ದಾಗಲಿ ವಿದ್ಯುನ್ಮಾನದ್ದಾಗಲಿ, ಎಲ್ಲ ಮಾಹಿತಿಯೂ ವಿಕಲಚೇತನರಿಗೆ ಎಟುಕುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಸರ್ಕಾರವನ್ನು ಕೇಳೋಣ, ಬಿಡುವುದು ಬೇಡ. ಆದರೆ ನಮ್ಮ ಕರಪತ್ರಕ್ಕೆ ಯಾವ ಸರ್ಕಾರ ಅಡ್ಡ ಬಂದಿದೆ? ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಗದಗಿನಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ನಾಡು ಇದು. ಆ ನಾಡಿನವರಾದ ನಾವು ಹುಲ್ಲಹಳ್ಳಿಯ ಹುಡುಗನಿಗೆ ಒಂದು ಹಾಳೆ ಕನ್ನಡ ಕೊಡಲಾರೆವೇ?

ಬ್ಯಾಂಕಿನ ಮೇಜು ಗುದ್ದುವ ಮೊದಲು ನಿಮ್ಮ ಡಿಟಿಪಿ ಅಂಗಡಿಯ ಮೇಜು ಗುದ್ದಿ. ಬರುವ ನವೆಂಬರ್ ಒಂದರ ಕರಪತ್ರ ಅವನ ಕಿವಿಗೂ ಮುಟ್ಟಲಿ!