ಪ್ರಭುತ್ವ ಮತ್ತು ಅಂತಃಸಾಕ್ಷಿ

ಪ್ರಭುತ್ವವನ್ನು ವಿರೋಧಿಸಿದವರೆಲ್ಲರೂ ಅಂತಃಸಾಕ್ಷಿಗೆ ನಿಷ್ಠರಾದವರಲ್ಲ. ಅಧಿಕಾರ ಕೈತಪ್ಪಿತೆಂದು ವಿರೋಧಿಸುವವರುಂಟು; ನಾಳೆ ಅದೇ ಅಧಿಕಾರ ತಮ್ಮದಾಗಲೆಂದು ವಿರೋಧಿಸುವವರೂ ಉಂಟು. ಹಾಗಾದರೆ ಅಂತಃಸಾಕ್ಷಿಯಿಂದ ಹುಟ್ಟಿದ ನಿರಾಕರಣೆಯನ್ನು ಗುರುತಿಸುವುದು ಹೇಗೆ? ನಮ್ಮ ಕಾವ್ಯಪರಂಪರೆಯ ಒಂದು ಐತಿಹ್ಯವನ್ನೂ 1975-77ರ ತುರ್ತುಪರಿಸ್ಥಿತಿಯ ಅನುಭವವನ್ನೂ ಜೊತೆಗಿಟ್ಟು ನೋಡಿದರೆ ಈ ಪ್ರಶ್ನೆಗೆ ಒಂದು ದಾರಿ ಕಾಣಬಹುದೆಂದು ನನಗೆ ತೋರುತ್ತದೆ.

ಪ್ರಾಚೀನ ಕನ್ನಡ ಕಾವ್ಯದ ದೊಡ್ಡ ಭಾಗ ರಾಜಾಶ್ರಯದಲ್ಲಿ ಬೆಳೆದುದು. ಪಂಪ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ. ರನ್ನ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ. ಅದು ಆ ಕಾಲದ ಕವಿಧರ್ಮವಾಗಿತ್ತು. ಅದನ್ನು ಇಂದಿನ ಅಳತೆಗೋಲಿನಿಂದ ಹಳಿಯಬೇಕಾಗಿಲ್ಲ. ಆದರೆ ಈ ಹಿನ್ನೆಲೆಯಲ್ಲಿಯೇ ಹರಿಹರನ ನಿಲುವಿನ ಅಪೂರ್ವತೆ ಎದ್ದು ಕಾಣುತ್ತದೆ. ಅವನು ಹೊಯ್ಸಳ ಅರಸನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದೂ, ಆ ಉದ್ಯೋಗವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಹೋದನೆಂದೂ ಪರಂಪರೆ ಹೇಳುತ್ತದೆ. ಸಾಯುವ ಮನುಷ್ಯರನ್ನು ಹೊಗಳಲಾರೆನೆಂಬ ಅವನ ನಿಶ್ಚಯಕ್ಕೆ 'ಪಂಪಾಶತಕ'ವೇ ಸಾಕ್ಷಿ. ಅರಸನ ಸ್ತುತಿಗೆ ಒಪ್ಪದ ಅವನ ಲೇಖನಿ ಕುಂಬಾರ ಗುಂಡಯ್ಯನಂತಹ ಶರಣನ ಎದುರು ತಾನಾಗಿ ಬಾಗಿತು. ಇಲ್ಲಿ ನಿರಾಕರಣೆ ಬರಿಯ ಮಾತಾಗಿ ಉಳಿಯದೆ ವಸ್ತುವನ್ನೂ ಛಂದಸ್ಸನ್ನೂ ಬದಲಿಸಿತೆಂಬುದು ಗಮನಾರ್ಹ.

ಆದರೆ ಅದೇ ಐತಿಹ್ಯಕ್ಕೆ ಇನ್ನೊಂದು ಮುಖವೂ ಇದೆ. ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ 'ಹರಿಶ್ಚಂದ್ರಕಾವ್ಯ'ವನ್ನು ಬರೆದಾಗ, ಶಿವಶರಣರನ್ನು ಬಿಟ್ಟು ಒಬ್ಬ ಅರಸನನ್ನು ಹಾಡಿದನೆಂದು ಹರಿಹರ ಕೆರಳಿ ಹೊಡೆದನಂತೆ. ರಾಘವಾಂಕನ ಹಲ್ಲುಗಳು ಉದುರಿದುವಂತೆ. ಘಟನೆ ನಡೆದಿರಲಿ, ನಡೆಯದಿರಲಿ, ಅದನ್ನು ಶತಮಾನಗಳ ಕಾಲ ಉಳಿಸಿಕೊಂಡು ಬಂದ ನಾಡಿನ ನೆನಪಿಗೆ ಅರ್ಥವಿದೆ. ಅರಸನೆದುರು ತನ್ನ ನಂಬಿಕೆಯನ್ನು ಬಿಟ್ಟುಕೊಡದವನೇ ಶಿಷ್ಯನ ಎದುರು ಅರಸನಂತೆ ವರ್ತಿಸಬಲ್ಲ. ರಾಘವಾಂಕನೂ ತನ್ನ ಅಂತಃಸಾಕ್ಷಿಯಂತೆಯೇ ನಡೆದಿದ್ದ. ಅವನು ಹಾಡಿದ್ದು ಸಿಂಹಾಸನವನ್ನಲ್ಲ, ಸತ್ಯಕ್ಕಾಗಿ ಸಿಂಹಾಸನವನ್ನು ಕಳೆದುಕೊಂಡವನನ್ನು. ಗುರುವಿನ ಕೋಪ ಇಂದು ಕಥೆಯಾಗಿ ಉಳಿದಿದೆ, ಶಿಷ್ಯನ ಕಾವ್ಯ ಕಾವ್ಯವಾಗಿಯೇ ಉಳಿದಿದೆ. ನಂಬಿಕೆ ತನಗಾಗಿ ಕೇಳುವ ಸ್ವಾತಂತ್ರ್ಯವನ್ನು ಇನ್ನೊಬ್ಬನಿಗೆ ನಿರಾಕರಿಸಿದ ಕ್ಷಣದಲ್ಲಿ ತಾನೂ ಒಂದು ಪ್ರಭುತ್ವವಾಗುತ್ತದೆ. ಅಂತಃಸಾಕ್ಷಿಯ ಹೆಸರಿನಲ್ಲಿ ಮಾತಾಡುವವರೆಲ್ಲರೂ ನೆನಪಿಡಬೇಕಾದ ಎಚ್ಚರಿಕೆ ಇದು.

ಈಗ ನಮಗೆ ಹತ್ತಿರದ ಕಾಲಕ್ಕೆ ಬರೋಣ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಯಿತು. ವಿಚಾರಣೆಯಿಲ್ಲದ ಬಂಧನ, ಪತ್ರಿಕೆಗಳ ಮೇಲಿನ ನಿರ್ಬಂಧ ಇವುಗಳ ನಡುವೆ ಶಿವರಾಮ ಕಾರಂತರು ತಮಗೆ 1968ರಲ್ಲಿ ಸಂದಿದ್ದ ಪದ್ಮಭೂಷಣವನ್ನು ಪ್ರತಿಭಟನೆಯಾಗಿ ಹಿಂದಿರುಗಿಸಿದರು. ಹರಿಹರ ಪರಮಭಕ್ತ; ಕಾರಂತರು ದೇವರ ವಿಚಾರದಲ್ಲಿ ಸಂದೇಹವಾದಿ. ಆದರೂ ಪ್ರಭುವಿನ ಕೃಪೆ ತನಗೆ ಬೇಡವೆನ್ನುವಲ್ಲಿ ಇಬ್ಬರೂ ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ಅದೇ ವರ್ಷ ಕರಾಡದಲ್ಲಿ ಜರುಗಿದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ ದುರ್ಗಾ ಭಾಗವತರು, ಕೇಂದ್ರ ಸಚಿವ ಯಶವಂತರಾವ್ ಚವ್ಹಾಣರು ಉಪಸ್ಥಿತರಿದ್ದ ವೇದಿಕೆಯಿಂದಲೇ, ಬಂಧನದಲ್ಲಿ ಅಸ್ವಸ್ಥರಾಗಿದ್ದ ಜಯಪ್ರಕಾಶ ನಾರಾಯಣರ ಆರೋಗ್ಯಕ್ಕಾಗಿ ಪ್ರಾರ್ಥಿಸಲು ಸಭೆಗೆ ಕರೆಕೊಟ್ಟರು. ಮರುವರ್ಷ ಅವರೂ ಬಂಧನಕ್ಕೊಳಗಾದರು. ಮರಾಠಿಯ ನೆರೆಯಲ್ಲಿ ಬಾಳುವ ಮುಂಬಯಿ, ಪುಣೆಯ ಕನ್ನಡಿಗರಿಗೆ ಕಾರಂತರಷ್ಟೇ ದುರ್ಗಾಬಾಯಿಯವರೂ ಸ್ಮರಣೀಯರು.

ನ್ಯಾಯಾಂಗದಲ್ಲಿ ಇದಕ್ಕೆ ಸಮಾನವಾದ ಉದಾಹರಣೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರದು. ಬಂಧಿತನು ತನ್ನ ಬಂಧನ ಕಾನೂನುಬದ್ಧವೇ ಎಂದು ನ್ಯಾಯಾಲಯವನ್ನು ಕೇಳಬಹುದೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದ ಐವರ ಪೀಠ 1976ರ ಏಪ್ರಿಲ್ 28ರಂದು ತೀರ್ಪಿತ್ತಿತು. ನಾಲ್ವರು ಸರಕಾರದ ವಾದವನ್ನು ಒಪ್ಪಿದರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ ಸಂವಿಧಾನದ 21ನೆಯ ವಿಧಿಯೊಂದೇ ಆಧಾರವಲ್ಲ, ಆ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಪ್ರಭುತ್ವ ಕಸಿಯುವಂತಿಲ್ಲ ಎಂಬುದು ಅವರ ನಿಲುವಿನ ಸಾರ. ಈ ತೀರ್ಪು ತಮಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನವನ್ನು ತಪ್ಪಿಸುವುದೆಂದು ಅವರು ಮೊದಲೇ ಅರಿತಿದ್ದರು. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಆ ಸ್ಥಾನಕ್ಕೆ ನೇಮಿಸಲಾಯಿತು. ಖನ್ನಾ ರಾಜೀನಾಮೆ ನೀಡಿದರು.

ನಲವತ್ತೊಂದು ವರ್ಷಗಳ ಬಳಿಕ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಬಹುಮತದ ತೀರ್ಪನ್ನು ತಳ್ಳಿಹಾಕಿ ಖನ್ನಾ ಅವರ ಮತವನ್ನು ಎತ್ತಿಹಿಡಿಯಿತು. ಖಾಸಗಿತನದ ಹಕ್ಕಿಗೆ ಸಂಬಂಧಿಸಿದ ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2008ರಲ್ಲಿಯೇ ತೀರಿಕೊಂಡಿದ್ದ ಖನ್ನಾ ಆ ದಿನವನ್ನು ಕಾಣಲಿಲ್ಲ. ಅಂತಃಸಾಕ್ಷಿಯ ಬೆಲೆಯನ್ನು ಅದೇ ತಲೆಮಾರು ತೆರುತ್ತದೆ, ಫಲವನ್ನು ಬಹುಮಟ್ಟಿಗೆ ಮುಂದಿನವರು ಉಣ್ಣುತ್ತಾರೆ.

ಈ ಉದಾಹರಣೆಗಳಿಂದ ಅಂತಃಸಾಕ್ಷಿಗೆ ಮೂರು ಲಕ್ಷಣಗಳನ್ನು ಹೇಳಬಹುದು. ಮೊದಲನೆಯದಾಗಿ, ಅದು ತನ್ನ ಕಾಯಕದೊಳಗಿಂದಲೇ ಮಾತಾಡುತ್ತದೆ: ಕವಿ ಕಾವ್ಯದಲ್ಲಿ, ಸಮ್ಮೇಳನಾಧ್ಯಕ್ಷೆ ವೇದಿಕೆಯಲ್ಲಿ, ನ್ಯಾಯಾಧೀಶ ತೀರ್ಪಿನಲ್ಲಿ. ಎರಡನೆಯದಾಗಿ, ಅದರ ಬೆಲೆಯನ್ನು ತಾನೇ ತೆರುತ್ತದೆ; ಇತರರ ತಲೆಯ ಮೇಲೆ ಹೊರಿಸುವುದಿಲ್ಲ. ಮೂರನೆಯದಾಗಿ, ತನ್ನಿಂದ ಭಿನ್ನವಾಗಿ ನಂಬುವವನಿಗೂ ಅದೇ ಹಕ್ಕನ್ನು ಕೊಡುತ್ತದೆ. ಮೊದಲ ಎರಡರಲ್ಲಿ ಗೆದ್ದ ಹರಿಹರನನ್ನು ಐತಿಹ್ಯ ಮೂರನೆಯದರಲ್ಲಿ ಸೋಲಿಸಿ ತೋರಿಸುತ್ತದೆ. ಮೂರನೆಯದೇ ಎಲ್ಲಕ್ಕಿಂತ ಕಠಿಣವಾದುದು.

ಕನ್ನಡದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಇದು ದೂರದ ವಿಷಯವಲ್ಲ. ಬಂಡಾಯದ ಬಗ್ಗೆ ಮಹಾಪ್ರಬಂಧ ಬರೆಯುವುದು ಸುಲಭ; ಏಕೆಂದರೆ ಹನ್ನೆರಡನೆಯ ಶತಮಾನದ ಅರಸ ನಮಗೆ ಇಂದು ಏನನ್ನೂ ಮಾಡಲಾರ. ಆಸ್ಥಾನಗಳು ಹೋದರೂ ಅನುದಾನಗಳಿವೆ, ಪ್ರಶಸ್ತಿಗಳಿವೆ, ನೇಮಕಾತಿಗಳಿವೆ. ಪಠ್ಯಕ್ರಮದಿಂದ ಒಂದು ಕೃತಿಯನ್ನು ಸದ್ದಿಲ್ಲದೆ ಬಿಟ್ಟುಬಿಡುವಾಗ, ಯೋಗ್ಯತೆಯಿಲ್ಲದ ಪುಸ್ತಕಕ್ಕೆ ದಾಕ್ಷಿಣ್ಯದ ಮುನ್ನುಡಿ ಬರೆಯುವಾಗ, ಅಧಿಕಾರಸ್ಥರಿಗೆ ಹಿತವಾಗದ ಸಂಶೋಧನೆಯನ್ನು ಮುಂದಕ್ಕೆ ತಳ್ಳುವಾಗ ನಮ್ಮ ಅಂತಃಸಾಕ್ಷಿಯ ಪರೀಕ್ಷೆ ನಡೆಯುತ್ತಿರುತ್ತದೆ. ಅಲ್ಲಿ ಜೈಲಿನ ಭಯವಿಲ್ಲ. ಇರುವುದು ಸಣ್ಣ ನಷ್ಟಗಳ ಭಯ ಮಾತ್ರ. ಆ ಸಣ್ಣ ನಷ್ಟಗಳನ್ನು ಭರಿಸಲು ಕಲಿಯದವನಿಗೆ, ದೊಡ್ಡ ನಿರಾಕರಣೆಯ ಗಳಿಗೆ ಬಂದಾಗ ಅದಕ್ಕೆ ಬೇಕಾದ ಅಭ್ಯಾಸವೇ ಇರುವುದಿಲ್ಲ.